ತಾಳ್ಮೆ ಒಂದಿದ್ದರೆ ಸಾಕೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವರ್ಷವಿಡೀ ಇರುತ್ತದೆ. ಪದವಿ ಫಲಿತಾಂಶ ಬಂದ ಮೇಲಂತೂ ಇನ್ನೂ ಜಾಸ್ತಿ. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಬಹುದೇ? ಮಾಡಿದರೆ ಮುಂದೇನು? ಜೀವಮಾನವಿಡೀ ಅದೇ ತರಗತಿಯಲ್ಲಿ ಅದೇ ಕೆಲಸವೇ, ಅಥವಾ ಸಂಶೋಧನೆ, ಪುಸ್ತಕ, ತರಬೇತಿ ಅಂತ ಮೇಲಕ್ಕೆ ಹೋಗುವ ದಾರಿ ಇದೆಯೇ? ಪತ್ರದ ಕೊನೆಗೆ ಬಹುತೇಕ ಎಲ್ಲರೂ ಒಂದು ಸಾಲು ಸೇರಿಸಿರುತ್ತಾರೆ: ನನಗೆ ತಾಳ್ಮೆ ತುಂಬಾ ಇದೆ ಮೇಡಂ.

ಈ ತಾಳ್ಮೆಯ ಮಾತು ಕೇಳಿ ಕೇಳಿ ನನ್ನ ತಾಳ್ಮೆಯೇ ಹೋಗಿದೆ. ಮದುವೆಮನೆಯಲ್ಲಿ ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, ನಾನು ವಿಶೇಷ ಶಿಕ್ಷಕಿ ಎಂದ ಕೂಡಲೇ ಮುಖ ಸಣ್ಣದು ಮಾಡಿಕೊಂಡು ‘ಅಯ್ಯೋ, ಪುಣ್ಯದ ಕೆಲಸ, ಎಷ್ಟು ತಾಳ್ಮೆ ಬೇಕು’ ಅನ್ನುತ್ತಾರೆ. ಹೊಗಳಿಕೆಯೇನೋ ಸರಿ. ಆದರೆ ಪುಣ್ಯದ ಕೆಲಸಕ್ಕೆ ಸಂಬಳ ಯಾಕೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಇನ್ನೊಂದು ತಕರಾರೂ ಇದೆ. ತಾಳ್ಮೆ ಹೆಚ್ಚಿರುವ ಶಿಕ್ಷಕಿ ಒಂದೇ ಪಾಠವನ್ನು ವರ್ಷಗಟ್ಟಲೆ ನಗುನಗುತ್ತಾ ಹೇಳಿಕೊಟ್ಟು, ಮಗು ಕಲಿಯದಿದ್ದರೂ ನಗುನಗುತ್ತಲೇ ಇರಬಲ್ಲಳು. ನಮ್ಮ ಕೆಲಸಕ್ಕೆ ಬೇಕಾದವಳು, ಮೂರನೆಯ ವಾರಕ್ಕೇ ಚಡಪಡಿಸಿ ‘ಇದು ಯಾಕೆ ಆಗುತ್ತಿಲ್ಲ’ ಎಂದು ಕೇಳುವವಳು. ಹಾಗೆ ಕೇಳಿದ ಕ್ಷಣದಿಂದ ಅವಳು ಸಂಶೋಧನೆಗೆ ಇಳಿದಂತೆ. ಉತ್ತರ ಸಿಕ್ಕರೆ ಅದಕ್ಕೆ ತಕ್ಕ ಸಾಮಗ್ರಿ ಅಂಗಡಿಯಲ್ಲಿ ಸಿಗುವುದಿಲ್ಲ, ಕತ್ತರಿ ಅಂಟು ಹಿಡಿದು ತಾನೇ ಮಾಡಬೇಕು. ಪಾಠ, ಸಂಶೋಧನೆ, ಸಾಮಗ್ರಿ ಎಂದು ಪತ್ರದಲ್ಲಿ ನೀವು ಮೂರು ಮೆಟ್ಟಿಲುಗಳ ಹಾಗೆ ಬರೆಯುತ್ತೀರಿ. ನಾನು ಕಂಡಂತೆ ಅವು ಒಂದೇ ಮೇಜಿನ ಮೇಲೆ, ಒಂದೇ ಬೆಳಿಗ್ಗೆ ನಡೆಯುವ ಕೆಲಸಗಳು. ಕನ್ನಡದಲ್ಲಂತೂ ಬೇರೆ ದಾರಿಯೇ ಇಲ್ಲ. ಯಾಕೆ ಎಂಬುದನ್ನೇ ಈ ವಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡೋಣ. ವಿಶೇಷ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವುದು ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಕರೆಯುವಂತೆ ಆರ್‌ಸಿಐ. 1992ರ ಕಾಯಿದೆಯಿಂದ ಅದಕ್ಕೆ ಶಾಸನದ ಬಲ ಬಂತು. ಪಿಯುಸಿ ಆದ ಮೇಲೆ ಎರಡು ವರ್ಷದ ಡಿ.ಎಡ್., ಪದವಿಯ ಮೇಲೆ ಎರಡು ವರ್ಷದ ಬಿ.ಎಡ್.; ಎರಡರಲ್ಲೂ ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ ಹೀಗೆ ಒಂದು ವಿಭಾಗ ಆರಿಸಿಕೊಳ್ಳಬೇಕು. ಓದು ಮುಗಿದ ಮೇಲೆ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ ಸಂಖ್ಯೆ ಪಡೆಯದೆ ವೃತ್ತಿ ಮಾಡುವಂತಿಲ್ಲ. ಕೆಲಸ ಎಲ್ಲಿ? ವಿಶೇಷ ಶಾಲೆಗಳು, ಖಾಸಗಿ ಶಾಲೆಗಳ ಸಂಪನ್ಮೂಲ ಕೊಠಡಿಗಳು, ನಗರಗಳಲ್ಲಿ ಹುಟ್ಟಿಕೊಂಡಿರುವ ಥೆರಪಿ ಕೇಂದ್ರಗಳು. ಸರ್ಕಾರದ ಕಡೆಯಲ್ಲಿ ತಾಲ್ಲೂಕಿಗೆ ನೇಮಕವಾಗುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು: ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಊರೂರು ತಿರುಗುವವರು, ಶಾಲೆಗೆ ಬರಲಾರದ ಮಕ್ಕಳಿಗೆ ಮನೆಯಲ್ಲೇ ಗೃಹಾಧಾರಿತ ಶಿಕ್ಷಣ ಕೊಡುವವರು. ಒಬ್ಬೊಬ್ಬರ ಪಾಲಿಗೆ ಬರುವ ಶಾಲೆಗಳ ಪಟ್ಟಿ ನೋಡಿದರೆ, ಒಂದು ಮಗುವಿನ ಜೊತೆ ತಿಂಗಳಿಗೆ ಎಷ್ಟು ಗಂಟೆ ಕೂರಲು ಸಾಧ್ಯ ಎಂದು ಲೆಕ್ಕ ಹಾಕುವ ಧೈರ್ಯ ಬರುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಎಂಬ ಪ್ರಮಾಣವನ್ನು ಎತ್ತಿಹಿಡಿಯಿತು. 2025ರಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಕೆಲಸ ಸಿಗುತ್ತದಾ ಎಂದು ಕೇಳುವವರು ಈ ಎರಡು ಇಸವಿಗಳ ನಡುವಿನ ಅಂತರವನ್ನು ಗಮನಿಸಿದರೆ ಸಾಕು.

ಈಗ ತರಗತಿಗೆ ಬರೋಣ.

‘ಮೇಡಂ, ಇವನು ಓದಲ್ಲ’ ಎಂಬ ದೂರಿನೊಂದಿಗೆ ನಾಲ್ಕನೇ ತರಗತಿಯ ಹುಡುಗನೊಬ್ಬ ನಮ್ಮ ಕೊಠಡಿಗೆ ಬಂದ ಎಂದಿಟ್ಟುಕೊಳ್ಳಿ. ಇಂಥವರು ಬಹಳ ಮಂದಿ ಬಂದಿದ್ದಾರೆ. ಕಣ್ಣು ಕಿವಿ ಚೆನ್ನಾಗಿವೆ, ಮಾತು ಚುರುಕು, ಮನೆಯ ಆಡು ಕುರಿಗಳ ಲೆಕ್ಕ ಬಾಯಲ್ಲೇ ಇದೆ. ಪುಸ್ತಕ ಬಿಡಿಸಿದರೆ ಮೌನ. ‘ಓದಲ್ಲ’ ಎಂಬ ಮಾತಿನಿಂದ ನಮಗೇನೂ ತಿಳಿಯುವುದಿಲ್ಲ. ಅವನು ಎಲ್ಲಿಯವರೆಗೆ ಓದುತ್ತಾನೆ, ಯಾವ ಅಕ್ಷರದ ಮುಂದೆ ನಿಲ್ಲುತ್ತಾನೆ, ನಿಂತಾಗ ಏನು ಮಾಡುತ್ತಾನೆ? ಊಹಿಸುತ್ತಾನಾ, ಹಾರಿಸುತ್ತಾನಾ, ನನ್ನ ಮುಖ ನೋಡುತ್ತಾನಾ? ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಪುಸ್ತಕದಲ್ಲಿರುವ ಪದ, ಬಲಗಡೆ ಅವನು ಓದಿದ ರೀತಿ ಬರೆಯುತ್ತಾ ಹೋಗುತ್ತೇವೆ. ವಾರ ಕಳೆಯುವಷ್ಟರಲ್ಲಿ ತಪ್ಪುಗಳ ಒಳಗೊಂದು ಕ್ರಮ ಕಾಣಿಸುತ್ತದೆ. ಮರ, ಸರ, ಗಿಡ ಸಲೀಸು. ‘ಕೊಡೆ’ಗೂ ‘ಕೋಡು’ಗೂ ದೀರ್ಘ ತಪ್ಪುತ್ತದೆ. ‘ಅಕ್ಕ’ ಅವನ ಬಾಯಲ್ಲಿ ‘ಅಕ’. ‘ಸೂರ್ಯ’ ಬಂದರೆ ‘ಸೂಯ’ ಎಂದು ನಿಲ್ಲುತ್ತಾನೆ. ನಿಲ್ಲದೆ ಏನು ಮಾಡಿಯಾನು? ಬಾಯಿ ಮೊದಲು ಹೇಳುವ ರ್ ಕಣ್ಣಿಗೆ ಕಾಣುವುದು ಯ ಆದ ಮೇಲೆ. ಅರ್ಕಾವತ್ತು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ ಅಷ್ಟೇ.

ಓದಿನ ತೊಡಕಿನ ಬಗ್ಗೆ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟ ಪುಸ್ತಕಗಳಲ್ಲಿ ಇದು ಯಾವುದೂ ಇರಲಿಲ್ಲ. ಅವು ಇಂಗ್ಲಿಷಿನ ಸುತ್ತ ಬರೆದ ಪುಸ್ತಕಗಳು: ಬಿ ಮತ್ತು ಡಿ ಅಕ್ಷರ ತಿರುವುಮುರುವು, ಒಂದು ಅಕ್ಷರಕ್ಕೆ ನಾಲ್ಕು ಉಚ್ಚಾರ, ಬರೆದೂ ಉಚ್ಚರಿಸದ ಅಕ್ಷರ. ಆ ಪುಸ್ತಕಗಳಿಗೂ ಒಂದು ಒಳ್ಳೆಯ ಕಥೆ ಇದೆ ಅನ್ನಿ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ನರರೋಗ ತಜ್ಞರು 1920ರ ದಶಕದಲ್ಲಿ, ಬುದ್ಧಿ ಚುರುಕಾಗಿದ್ದೂ ಓದಲಾಗದ ಮಕ್ಕಳನ್ನು ಪರೀಕ್ಷಿಸತೊಡಗಿದರು. ಆದರೆ ಅಂಥ ಮಕ್ಕಳಿಗೆ ನಾಳೆ ಬೆಳಿಗ್ಗೆ ಏನು ಕಲಿಸಬೇಕು ಎಂಬುದನ್ನು ಹೊಲಿದುಕೊಟ್ಟವರು ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಆ್ಯನಾ ಗಿಲಿಂಗ್‌ಹ್ಯಾಮ್ ಮತ್ತು ಅವರ ಜೊತೆಗಾತಿ ಬೆಸ್ಸಿ ಸ್ಟಿಲ್‌ಮನ್. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ಬಳಸಿ, ಸುಲಭದ ಧ್ವನಿಯಿಂದ ಕಷ್ಟದ ಧ್ವನಿಗೆ ಮೆಟ್ಟಿಲು ಕಟ್ಟಿದ ಅವರ ಕೈಪಿಡಿ 1930ರ ದಶಕದಲ್ಲಿ ಬಂತು. ಇವತ್ತಿಗೂ ಬೆಂಗಳೂರಿನ ಇಂಗ್ಲಿಷ್ ಶಾಲೆಗಳ ಸಂಪನ್ಮೂಲ ಕೊಠಡಿಗಳಲ್ಲಿ ಆರ್ಟನ್–ಗಿಲಿಂಗ್‌ಹ್ಯಾಮ್ ಹೆಸರು ಕೇಳುತ್ತದೆ. ತರಗತಿ, ಸಂಶೋಧನೆ, ಸಾಮಗ್ರಿ ಬೇರೆ ಬೇರೆ ಅಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ತೊಂದರೆ ಒಂದೇ, ಅವರು ಕಟ್ಟಿದ ಮೆಟ್ಟಿಲು ಹತ್ತಿದರೆ ತಲುಪುವುದು ಇಂಗ್ಲಿಷಿಗೆ.

ಕನ್ನಡದ ಮಗುವಿನ ಎದುರು ಇರುವುದು 26 ಅಕ್ಷರಗಳಲ್ಲ. 34 ವ್ಯಂಜನಗಳು ಕಾಗುಣಿತದಲ್ಲಿ ಬೆಳೆದರೆ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು, ನಮ್ಮ ಮಕ್ಕಳ ಅಕ್ಷರಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ‘ಕಿ’ಯನ್ನು ಒಂದೇ ಗುಕ್ಕಿಗೆ ಹಿಡಿಯುವ ಮಗುವಿಗೆ ಅದರೊಳಗಿನ ಕ್ ಮತ್ತು ಇ ಬೇರೆ ಎಂಬ ಅರಿವು ನಿಧಾನವಾಗಿ ಮೂಡುತ್ತದೆ. ಹಳ್ಳಿಯ ಶಿಕ್ಷಕರಿಗೆ ಇದು ಮೊದಲೇ ಗೊತ್ತಿತ್ತು ಎನ್ನಬಹುದು. ಗೊತ್ತಿರಬಹುದು, ಆದರೆ ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ಕಾಯಿಲೆಯೋ, ಕನ್ನಡ ಲಿಪಿಯ ಸಹಜ ನಡಿಗೆಯೋ ಎಂದು ತೀರ್ಮಾನಿಸಲು ಬರೀ ಅನುಭವ ಸಾಲದು, ಅಳತೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕೆ.ಎಸ್. ಪ್ರೇಮಾ ಕನ್ನಡದ ಓದು ಹೇಗೆ ಬೆಳೆಯುತ್ತದೆಂದು ನೋಡುವ ಪರೀಕ್ಷೆಯೊಂದನ್ನು 1990ರ ದಶಕದಲ್ಲೇ ರೂಪಿಸಿದ್ದು ಇದಕ್ಕೇ. ಇಂಥ ಕೆಲಸ ಇನ್ನೂ ಹತ್ತುಪಟ್ಟು ಆಗಬೇಕಿತ್ತು.

ಸರಿ, ಹುಡುಗ ಒತ್ತಕ್ಷರದ ಮುಂದೆ ನಿಲ್ಲುತ್ತಾನೆ ಎಂದು ತಿಳಿಯಿತು. ಈಗ ಅವನಿಗೆ ಓದಲು ಏನು ಕೊಡುವುದು? ಒತ್ತಕ್ಷರವಿಲ್ಲದ ಕಥೆ ಕೊಡಬೇಕು, ಓದಿದೆ ಎಂಬ ಸುಖ ಒಮ್ಮೆಯಾದರೂ ಅವನಿಗೆ ಸಿಗಬೇಕು. ಎಲ್ಲಿದೆ ಅಂಥ ಕಥೆ? ನೀವೇ ಬರೆಯಿರಿ. ಓದುಗರಲ್ಲಿ ಕಥೆಗಾರರಿದ್ದರೆ ಒಮ್ಮೆ ಪ್ರಯತ್ನಿಸಿ ನೋಡಿ, ಕೈಕಾಲು ಕಟ್ಟಿಹಾಕಿದಂತಾಗುತ್ತದೆ. ಮೊದಲು ಕುಟುಂಬವೇ ಇಲ್ಲವಾಗುತ್ತದೆ: ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ ಎಲ್ಲರಿಗೂ ಒತ್ತು. ಉಳಿಯುವವರು ಮಾವ ಮತ್ತು ತಂಗಿ. ಹಟ್ಟಿಯ ಕಡೆ ಹೋದರೆ ಎತ್ತು, ಎಮ್ಮೆ, ಬೆಕ್ಕು ಹೋಗುತ್ತವೆ. ಹಸು, ಕುರಿ, ನಾಯಿ ಉಳಿಯುತ್ತವೆ. ಆಮೇಲೆ ವ್ಯಾಕರಣ ಕೈಕೊಡುತ್ತದೆ. ‘ಮನೆಯಲ್ಲಿ’ ಅನ್ನುವಂತಿಲ್ಲ, ‘ಮನೆಯ ಒಳಗೆ’ ಅನ್ನಬೇಕು. ‘ಕಾಡಿನಲ್ಲಿ’ ಹುಲಿ ಇರುವಂತಿಲ್ಲ. ‘ಹೋಗುತ್ತಾನೆ’ ಬರುವುದಿಲ್ಲ, ಹಾಗಾಗಿ ವರ್ತಮಾನಕಾಲವೇ ಇಲ್ಲ. ಕಥೆಯೆಲ್ಲ ಹೋದನು, ಬಂದನು, ನೋಡಿದನು. ‘ಇಲ್ಲ’ ಎನ್ನಲೂ ಆಗದು. ‘ಮರವನ್ನು’ ಅನ್ನದೆ ‘ಮರ ಏರಿದನು’ ಎಂದು ಸುಮ್ಮನಾಗಬೇಕು. ಇಷ್ಟೆಲ್ಲ ಆದ ಮೇಲೆ ಕಥೆ ಸಪ್ಪೆಯಾಗಬಾರದು, ಏಕೆಂದರೆ ಓದುವವನ ಅಕ್ಷರಜ್ಞಾನ ಒಂದನೇ ತರಗತಿಯದಾದರೂ ಆಸಕ್ತಿ ಹತ್ತು ವರ್ಷದವನದು. ಮೊಲ ಕ್ಯಾರೆಟ್ ತಿಂದ ಕಥೆ ಅವನಿಗೆ ಅವಮಾನ. ಅವನಿಗೆ ಬೇಕಾದದ್ದು ಟ್ರ್ಯಾಕ್ಟರ್. ಆ ಪದ ಕನ್ನಡದಲ್ಲಿ ಬರೆದು ನೋಡಿ, ನಗು ಬರುತ್ತದೆ. ನಾವು ಸೋತು ಆ ಪದ ಬರಬೇಕಾದ ಕಡೆಯಲ್ಲೆಲ್ಲ ಒಂದು ಸಣ್ಣ ಟ್ರ್ಯಾಕ್ಟರ್ ಚಿತ್ರ ಅಂಟಿಸುತ್ತಿದ್ದೆವು.

ಒತ್ತುಗಳನ್ನು ಕಲಿಸುವ ಕ್ರಮವನ್ನೂ ಹೀಗೆಯೇ ಕಂಡುಕೊಂಡದ್ದು. ಕ, ಗ, ಚ, ಟ, ಪ, ಬ ಇವುಗಳ ಒತ್ತು ತಮ್ಮ ಮೂಲ ಅಕ್ಷರವನ್ನೇ ಹೋಲುತ್ತವೆ, ತಲೆಕಟ್ಟು ಬಿಟ್ಟು ಚಿಕ್ಕದಾಗಿ ಕೆಳಗೆ ಕೂತಿರುತ್ತವೆ. ತ, ನ, ಮ, ಯ, ರ, ಲ ಹಾಗಲ್ಲ, ಅವುಗಳ ಒತ್ತು ಬೇರೆಯದೇ ಆಕಾರ. ಅಂದರೆ ‘ಅಪ್ಪ’ ಸುಲಭ, ‘ಅಮ್ಮ’ ಕಷ್ಟ. ಪಠ್ಯಪುಸ್ತಕ ಎರಡನ್ನೂ ಒಟ್ಟಿಗೆ ಕೊಡುತ್ತದೆ, ಹೆಚ್ಚಿನ ಮಕ್ಕಳು ನುಂಗಿಕೊಂಡು ಹೋಗುತ್ತಾರೆ. ನಮ್ಮ ಹುಡುಗನಿಗೆ ಮಾತ್ರ ಮೊದಲ ಗುಂಪು ಗಟ್ಟಿಯಾಗುವವರೆಗೆ ಎರಡನೆಯದನ್ನು ತೋರಿಸಬಾರದು. ಸುಮಾರು 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ನಲಿ–ಕಲಿ ಕಲಿಕಾ ಪದ್ಧತಿ ಕಟ್ಟಿದಾಗಲೂ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಸರಳ ಆಕಾರಗಳಿಂದ ಶುರುಮಾಡಿದರು. ಶಿಕ್ಷಕರೇ ಸಾಮಗ್ರಿ ಮಾಡಿದ ದೊಡ್ಡ ಉದಾಹರಣೆ ಅದು. ನಮ್ಮದು ಅದರ ನಂತರದ ಕೆಲಸ, ಆ ಕ್ರಮವೂ ಹೊಂದದ ಮಗುವಿಗೆ ಇನ್ನೊಂದು ಕ್ರಮ ಹುಡುಕುವುದು. ಮರಳಿನ ತಟ್ಟೆಯ ಮೇಲೆ ಬೆರಳಿಂದ ಬರೆಸುವುದನ್ನು ಈಗ ಬಹುಸಂವೇದನೆಯ ವಿಧಾನವೆಂದು ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಾರೆ. ಹಳೆಯ ಕಾಲದ ಕೂಲಿಮಠದ ಅಯ್ಯನವರು ಎಲ್ಲ ಮಕ್ಕಳಿಂದಲೂ ಮರಳಲ್ಲೇ ತಿದ್ದಿಸುತ್ತಿದ್ದರು, ಅದಕ್ಕೆ ಹೆಸರಿಟ್ಟಿರಲಿಲ್ಲ. ಬೆತ್ತ ಜೊತೆಗಿತ್ತು ಎಂಬುದನ್ನೂ ಮರೆಯಬಾರದು.

ಸಾಮಗ್ರಿ ಎಂದ ಕೂಡಲೇ ನಮ್ಮ ಇಲಾಖೆಗಳಿಗೆ ನೆನಪಾಗುವುದು ಕಲಿಕೋಪಕರಣಗಳ ಪ್ರದರ್ಶನ. ಥರ್ಮಾಕೋಲು, ಮಿನುಗು, ಬಣ್ಣದ ಅಂಚು. ಬಹುಮಾನ ಬಂದ ಮೇಲೆ ಅವು ಬೀರು ಸೇರುತ್ತವೆ, ಮಕ್ಕಳು ಮುಟ್ಟಿದರೆ ಹಾಳಾದೀತೆಂದು. ನಾನು ಹೊಸ ಶಾಲೆಗೆ ಹೋದರೆ ಹರಿದ, ಕೊಳೆಯಾದ, ಅಂಚು ಮುರುಟಿದ ಕಾರ್ಡುಗಳನ್ನು ಹುಡುಕುತ್ತೇನೆ. ಪಾಠ ನಡೆದದ್ದು ಅವುಗಳಲ್ಲಿ. ಮಾತು ಬಾರದ ಮಕ್ಕಳಿಗಾಗಿ ಕೊಳ್ಳುವ ಚಿತ್ರಗಳ ಕಟ್ಟಿನಲ್ಲಿ ಸ್ಯಾಂಡ್‌ವಿಚ್, ಹಿಮದ ಬೊಂಬೆ ಇರುತ್ತವೆ. ಅದನ್ನು ಬದಿಗಿಟ್ಟು ಆ ಮಗುವಿನದೇ ತಟ್ಟೆ, ಅದರಲ್ಲಿನ ಮುದ್ದೆ, ಅದರದೇ ಚಪ್ಪಲಿಯ ಫೋಟೋ ತೆಗೆದು ಕೊಟ್ಟರೆ ಬೆರಳು ತಾನಾಗಿ ಅದರ ಮೇಲೆ ಹೋಗುತ್ತದೆ.

ಬೌದ್ಧಿಕ ನ್ಯೂನತೆಯಿರುವ ಮಕ್ಕಳ ವಿಷಯದಲ್ಲಿ ಸಾಧನ ಇಲ್ಲಿನ ಮಗುವಿನಿಂದಲೇ ಹುಟ್ಟಬೇಕು ಎಂಬ ಮಾತನ್ನು ನಮ್ಮ ಹಿರಿಯರು ಎಂದೋ ಅರ್ಥಮಾಡಿಕೊಂಡಿದ್ದರು. ಪರದೇಶದ ಪರೀಕ್ಷೆಗಳು ಮಗುವಿಗೆ ಎಷ್ಟು ಅಂಕ ಎಂದು ಹೇಳುತ್ತಿದ್ದವು, ನಾಳೆ ಏನು ಕಲಿಸಬೇಕೆಂದು ಹೇಳುತ್ತಿರಲಿಲ್ಲ. ಚೆನ್ನೈಯಲ್ಲಿ ಪಿ. ಜಯಚಂದ್ರನ್ ಮತ್ತು ವಿ. ವಿಮಲಾ ಸೇರಿ ರೂಪಿಸಿದ ಮದ್ರಾಸ್ ಪದ್ಧತಿಯಲ್ಲಿ, ನಡಿಗೆ, ಊಟ, ಬಟ್ಟೆ, ಮಾತು, ಹಣ ಹೀಗೆ 18 ವಿಭಾಗಗಳಿವೆ, ಒಂದೊಂದರಲ್ಲಿ 20 ಹೆಜ್ಜೆ, ಒಟ್ಟು 360. ಮಗು ಎಲ್ಲಿ ನಿಂತಿದೆಯೋ ಅದರ ಮುಂದಿನ ಹೆಜ್ಜೆಯೇ ನಾಳಿನ ಪಾಠ. ಬೌದ್ಧಿಕ ನ್ಯೂನತೆಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಜಯಂತಿ ನಾರಾಯಣ್ ಅವರು, ಸಾಮಾನ್ಯ ಶಾಲೆಯಲ್ಲಿ ಹಿಂದುಳಿದ ಮಗು ನಿಜಕ್ಕೂ ಯಾವ ತರಗತಿಯ ಮಟ್ಟದಲ್ಲಿದೆ ಎಂದು ಶಿಕ್ಷಕರೇ ಕಂಡುಕೊಳ್ಳಬಹುದಾದ ಸಾಧನವೊಂದನ್ನು 1997ರಲ್ಲಿ ಕೊಟ್ಟರು. ಅದೇ ಸಂಸ್ಥೆಯಿಂದ 1992ರಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ವರ್ತನೆಗಳನ್ನು ಅಳೆಯುವ ಪಟ್ಟಿ ತಂದರು. ಇವು ಯಾವುವೂ ಪ್ರಯೋಗಾಲಯದಲ್ಲಿ ಕೂತು ಬರೆದಂತೆ ಕಾಣುವುದಿಲ್ಲ. ಓದಿದರೆ ಮಕ್ಕಳ ಗದ್ದಲ ಕೇಳಿಸುತ್ತದೆ.

ಸಂಶೋಧನೆ ಎಂದರೆ ಪಿಎಚ್.ಡಿ. ಎಂದು ಹೆದರಬೇಡಿ ಎನ್ನಲು ಇನ್ನೊಂದು ಪ್ರಸಂಗ ಹೇಳುತ್ತೇನೆ. ಆಟಿಸಂ ಇದ್ದ ಹುಡುಗಿಯೊಬ್ಬಳು ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಯಾವಾಗ? ‘ಸುಮ್ಮಸುಮ್ಮನೆ’ ಎಂದರು ಎಲ್ಲರೂ. ಕಚ್ಚಿಕೊಳ್ಳುವ ಮುಂಚೆ ಏನಾಯಿತು, ಏನು ಮಾಡಿದಳು, ಆಮೇಲೆ ಸುತ್ತಲಿನವರು ಏನು ಮಾಡಿದರು ಎಂದು ಮೂರು ಕಾಲಂ ಹಾಕಿ ಸಮಯದೊಂದಿಗೆ ಬರೆಯತೊಡಗಿದೆವು. ಸಲಹೆ ಕೊಡಲು ಹೋಗಲಿಲ್ಲ, ಏನನ್ನೂ ಬದಲಿಸಲಿಲ್ಲ, ಬರೀ ಬರೆದೆವು. ಬಿಸಿಯೂಟದ ಅಡುಗೆಮನೆಯ ಕುಕ್ಕರ್ ಕೂಗುವ ಹೊತ್ತಿಗೆ ಗುರುತುಗಳು ಗುಂಪಾಗಿದ್ದವು. ಅವಳ ಜಾಗವನ್ನು ಕಟ್ಟಡದ ಇನ್ನೊಂದು ಬದಿಗೆ ಬದಲಿಸಿ ಎಣಿಕೆ ಮುಂದುವರಿಸಿದೆವು. ಬೆಳಗಿನ ಕಚ್ಚುವಿಕೆ ಬಹಳ ಕಡಿಮೆಯಾಯಿತು. ಮಧ್ಯಾಹ್ನದ್ದು ಹಾಗೇ ಉಳಿಯಿತು, ಅದರ ಕಾರಣ ನಮಗೆ ಕೊನೆಗೂ ಸಿಗಲಿಲ್ಲ. ಬದಲಾವಣೆಗೆ ಮುಂಚಿನ ಲೆಕ್ಕ, ಒಂದೇ ಒಂದು ಬದಲಾವಣೆ, ಆಮೇಲಿನ ಲೆಕ್ಕ: ಒಂದೇ ಮಗುವನ್ನು ಇಟ್ಟುಕೊಂಡು ನಡೆಸುವ ಅಧ್ಯಯನದ ಸಾರ ಇಷ್ಟೇ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನವರು ಕ್ರಿಯಾ ಸಂಶೋಧನೆ ಮಾಡಿ ಎಂದಾಗ ಸಾಮಾನ್ಯ ಶಾಲೆಯ ಶಿಕ್ಷಕರು ಗೊಣಗುತ್ತಾರೆ, ವರ್ಷದ ಕೊನೆಗೆ ಒಂದು ಫೈಲು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ವಿಶೇಷ ಶಿಕ್ಷಕಿಗೆ ಆ ಐಷಾರಾಮವಿಲ್ಲ, ಎಣಿಸದಿದ್ದರೆ ಅವಳ ದಿನವೇ ಸಾಗುವುದಿಲ್ಲ.

ಬೇಸರ ತರುವುದು ಬೇರೆ ಸಂಗತಿ. ಪ್ರಶ್ನಾವಳಿ ಹಿಡಿದು ಶಾಲೆಗೆ ಬರುವ ಸಂಶೋಧಕರು ನಮ್ಮಿಂದ ಮಾಹಿತಿ ತುಂಬಿಸಿಕೊಂಡು ಹೋಗುತ್ತಾರೆ, ಫಲಿತಾಂಶ ಎಂದೂ ನಮ್ಮ ಕೈಗೆ ಬರುವುದಿಲ್ಲ. ಬಂದರೂ ಇಂಗ್ಲಿಷಿನಲ್ಲಿ. ಇತ್ತ ಶಿಕ್ಷಕಿಯರ ನೋಟ್‌ಬುಕ್ಕುಗಳಲ್ಲಿ ಕನ್ನಡ ಓದಿನ ಬಗ್ಗೆ ಇರುವ ಜ್ಞಾನ ಅವರು ನಿವೃತ್ತರಾದ ದಿನ ರದ್ದಿಗೆ ಹೋಗುತ್ತದೆ. ಕನ್ನಡದಲ್ಲಿ ಇಂಥ ಟಿಪ್ಪಣಿಗಳನ್ನು ಪ್ರಕಟಿಸುವ ಒಂದು ತ್ರೈಮಾಸಿಕ ಇದ್ದರೆ ಸಾಕು ಎಂದು ನಾನು ವರ್ಷಗಳಿಂದ ಹೇಳುತ್ತಿದ್ದೇನೆ.

ಬೇಗ ಕಲಿಸಿ ಎಂಬ ಒತ್ತಡ ಪೋಷಕರ ಕಡೆಯಿಂದಲೂ ಇದೆ. 2007ರಲ್ಲಿ ‘ತಾರೇ ಜಮೀನ್ ಪರ್’ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಪದ ಮನೆಮನೆಗೆ ತಲುಪಿತು, ಅದಕ್ಕೆ ಆ ಚಿತ್ರಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಆದರೆ ಚಿತ್ರದ ಮೇಷ್ಟ್ರು ಹಾಡು ಮುಗಿಯುವಷ್ಟರಲ್ಲಿ ಮಗುವಿಗೆ ಓದು ಕಲಿಸುತ್ತಾರೆ, ನಮಗೆ ಒಂದು ಅರ್ಕಾವತ್ತು ಗಟ್ಟಿಯಾಗಲು ಶಾಲಾ ವರ್ಷದ ಒಂದು ಇಡೀ ಅವಧಿಯೇ ಬೇಕು. ಕಾನೂನು ಕೂಡ ತಡವಾಗಿಯೇ ಬಂತು: 1995ರ ಕಾಯಿದೆಯಲ್ಲಿದ್ದ ಏಳು ನ್ಯೂನತೆಗಳು 2016ರ ಕಾಯಿದೆಯಲ್ಲಿ 21 ಆದಾಗಲೇ ಕಲಿಕಾ ನ್ಯೂನತೆಗೂ ಆಟಿಸಂಗೂ ಜಾಗ ಸಿಕ್ಕಿತು. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಮಗುವಿಗೆ ಎಂಟು ವರ್ಷವಾಗಬೇಕು ಎಂದು 2018ರ ಮಾರ್ಗಸೂಚಿ ಹೇಳಿತು. ಪ್ರಮಾಣಪತ್ರ ಕಾಯಲಿ, ಪಾಠ ಯಾಕೆ ಕಾಯಬೇಕು? ಆರು ವರ್ಷದ ಮಗು ಪ್ರಾಸ ಹಿಡಿಯಲಾಗದೆ, ಅಕ್ಷರ ನೆನಪಿಡಲಾಗದೆ ಒದ್ದಾಡುತ್ತಿದ್ದರೆ ಅಂದೇ ಕೈ ಹಿಡಿಯುವುದಕ್ಕೆ ಯಾವ ಮೊಹರೂ ಬೇಡ.

ಇನ್ನು ಆಯ್ಕೆಯ ಮಾತು. ಕಾಲೇಜು ನೋಡುವವರು ಮೊದಲು ಅದಕ್ಕೆ ಆರ್‌ಸಿಐ ಮಾನ್ಯತೆ ಈ ಸಾಲಿಗೂ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲಿ ಪರಿಶೀಲಿಸಿ. ಬಳಿಕ ಅಭ್ಯಾಸ ಬೋಧನೆ ಎಲ್ಲಿ ನಡೆಯುತ್ತದೆ ಎಂದು ಕೇಳಿ, ಆ ಶಾಲೆಗೆ ನೀವೇ ಹೋಗಿ ಅನುಮತಿ ಪಡೆದು ಒಂದು ಬೆಳಿಗ್ಗೆ ಹಿಂದೆ ಕುಳಿತು ನೋಡಿ. ಕನ್ನಡ ಮಾಧ್ಯಮದ ಮಕ್ಕಳ ಜೊತೆ ಅಭ್ಯಾಸಕ್ಕೆ ಅವಕಾಶ ಇಲ್ಲದ ಕಾಲೇಜಾದರೆ ಬೇರೆಯದನ್ನು ಹುಡುಕುವುದು ಮೇಲು. ವಿಭಾಗ ಆರಿಸುವಾಗ ಯಾವುದರಲ್ಲಿ ಹುದ್ದೆ ಜಾಸ್ತಿ ಎಂದು ಮಾತ್ರ ನೋಡಬೇಡಿ. ಶ್ರವಣದೋಷ ವಿಭಾಗಕ್ಕೆ ಸನ್ನೆ ಭಾಷೆ ಕಲಿಯಬೇಕು, ದೃಷ್ಟಿದೋಷಕ್ಕೆ ಬ್ರೈಲ್, ಎರಡಕ್ಕೂ ದಿನದಿನದ ಅಭ್ಯಾಸ ಬೇಕು, ಪರೀಕ್ಷೆಯ ಹಿಂದಿನ ರಾತ್ರಿ ಬರುವ ವಿದ್ಯೆಗಳಲ್ಲ. ಒಪ್ಪಂದದ ಕೆಲಸ ಹಿಡಿಯುವವರು ಸಂಬಳ ಎಷ್ಟು ಎಂಬುದರ ಜೊತೆಗೆ ಎಷ್ಟು ತಿಂಗಳಿಗೆ ಎಂದೂ ಬರಹದಲ್ಲಿ ಕೇಳಿಕೊಳ್ಳಿ. ಒತ್ತಕ್ಷರವಿಲ್ಲದ ಕಥೆ ಯಾರಾದರೂ ಬರೆದರೆ ಈ ಅಂಕಣದ ವಿಳಾಸಕ್ಕೆ ಕಳಿಸಿ, ಹತ್ತು ವರ್ಷದ ಹುಡುಗರಿಗೆ ಓದಿಸಿ ಏನೆಂದರೆಂದು ಬರೆಯುತ್ತೇನೆ. ಮಾವ ಮತ್ತು ತಂಗಿಯ ಕಥೆಗಳು ಈಗಾಗಲೇ ಸಾಕಷ್ಟಿವೆ.